ಮೊದಲ ಭಾನುವಾರದ ಗೇಟು

ಕುಮಾರಸ್ವಾಮಿ ಲೇಔಟ್, ಬೆಂಗಳೂರು
೧೩ ಜನವರಿ ೨೦೨೫, ಸೋಮವಾರ

ಪ್ರೀತಿಯ ಸುಗುಣತ್ತೆ,

ಇವತ್ತು ಬೆಳಿಗ್ಗೆ ಅಪ್ಪ, ಹಾಕಿರದ ಮೋಟಾರನ್ನು ಆಫ್ ಮಾಡಲು ಎದ್ದು ಹೋದರು.

ಕಾಗದವನ್ನು ಹೀಗೆ ಶುರು ಮಾಡಬೇಕೆಂದಿರಲಿಲ್ಲ. ನೀವು ಕಳುಹಿಸಿದ ಬೈಬಲ್ ಕ್ರಿಸ್‌ಮಸ್ಸಿನ ಮಾರನೆಯ ದಿನ ತಲುಪಿತು. ಎಂ.ಎ. ಮುಗಿಸಿದ್ದಕ್ಕೆ ಉಡುಗೊರೆ ಎಂದು ಮೊದಲ ಹಾಳೆಯಲ್ಲಿ ಬರೆದಿದ್ದೀರಿ. ಅದಕ್ಕೆ ವಂದನೆ ಹೇಳಲೆಂದೇ ಕೂತೆ. ಆದರೆ ಬೆಳಗಿನದು ತಲೆಯಿಂದ ಹೋಗುತ್ತಿಲ್ಲ.

ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತಿದೆ, ಅಜ್ಜಿ ಹಾಕಿಕೊಟ್ಟದ್ದು. ತಿಂಡಿಗೆ ಮೊದಲು ಅಪ್ಪ, ಅಮ್ಮ, ನಾನು ಮೇಜಿನ ಸುತ್ತ ಕೂತು ಒಬ್ಬರಾದ ಮೇಲೊಬ್ಬರು ಬೈಬಲಿನ ಒಂದೊಂದು ವಚನ ಓದುತ್ತೇವೆ. ಹೊಸ ವರ್ಷಕ್ಕೆ ಮತ್ತಾಯನ ಸುವಾರ್ತೆ ಹಿಡಿದಿದ್ದೇವೆ. ಅಮ್ಮ ಓದಿದರು, ನಾನು ಓದಿದೆ, ಅಪ್ಪನ ಸರದಿ ಬಂತು. ಕನ್ನಡಕ ಸರಿಮಾಡಿಕೊಂಡರು, ಬಾಯಿ ತೆರೆದರು. ಆಮೇಲೆ, "ಟ್ಯಾಂಕ್ ತುಂಬ್ತು ಅನ್ಸುತ್ತೆ, ಮೋಟ್ರು ಆಫ್ ಮಾಡ್ಬಿಟ್ಟು ಬರ್ತೀನಿ" ಎಂದು ಎದ್ದುಬಿಟ್ಟರು. ಇವತ್ತು ಕಾವೇರಿ ನೀರು ಬರುವ ದಿನವೇ ಅಲ್ಲ. ಅಮ್ಮನಿಗೂ ಅದು ಗೊತ್ತು. ಆದರೂ ಅಪ್ಪನ ವಚನವನ್ನು ತಾವೇ ಓದಿ ಮುಂದೆ ಹೋದರು. ಅಪ್ಪ ವಾಪಸ್ ಬಂದಾಗ "ಚಟ್ನಿ ಸಾಕಾ?" ಎಂದಷ್ಟೇ ಕೇಳಿದರು.

ಕಣ್ಣು ಮಂಜಾಗಿರಬಹುದೇ? ಹೇಳಿಕೊಳ್ಳಲು ಸಂಕೋಚವೇ?

ಈಗ ನಾನು ಒಬ್ಬಳೇ ಕೂತು ಓದುವುದನ್ನೂ ಶುರು ಮಾಡಿದ್ದೇನೆ. ಸಂಜೆ ಮಕ್ಕಳಿಗೆ ಕನ್ನಡ ಪಾಠ ಹೇಳುವುದು ಬಿಟ್ಟರೆ ಸದ್ಯಕ್ಕೆ ಬೇರೆ ಕೆಲಸವಿಲ್ಲ. ಐದು ವರ್ಷ ಸಾಹಿತ್ಯ ಓದಿದ ಮೇಲೆ ಬೈಬಲ್ ಬೇರೆ ಥರ ಕಾಣುತ್ತದೆ. ಅಲ್ಲಿ ಹೆಚ್ಚುಕಡಿಮೆ ಯಾರ ಮುಖ ಹೇಗಿತ್ತೆಂದೂ ಬರೆದಿಲ್ಲ. ಆದರೆ ಯಾಯೀರನ ಸತ್ತ ಮಗಳು ಎದ್ದು ಕೂತಾಗ, ಎಲ್ಲರೂ ಬೆರಗಾಗಿ ನಿಂತಿರುವಾಗ, ಅವಳಿಗೆ ತಿನ್ನಲು ಏನಾದರೂ ಕೊಡಿ ಎಂದು ಯೇಸು ಹೇಳಿದ್ದನ್ನು ಮಾತ್ರ ಮರೆಯದೆ ಬರೆದಿಟ್ಟಿದ್ದಾರೆ. ಸಾವನ್ನೇ ಹಿಂದೆ ಕಳುಹಿಸಿದವನಿಗೆ ಆ ಹೊತ್ತಿನಲ್ಲಿ ಹಸಿವಿನ ನೆನಪು ಹೇಗೆ ಬಂತು? ನೀವು ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿಮಗೇನನ್ನಿಸುತ್ತದೆ?

ನಿಮಗೆ ಫೋನಿನಲ್ಲಿ ಕಿವಿ ಕೇಳಿಸುವುದಿಲ್ಲ, ಅದಕ್ಕೇ ಮಾತಿಲ್ಲ ಎಂದು ಅಪ್ಪ ಹೇಳುತ್ತಿರುತ್ತಾರೆ. ಹಾಗಾಗಿ ಈ ಕಾಗದ. ನನಗೂ ಇದೇ ಹಗುರ. ಮಾತಾಡಲು ಹೋದರೆ ನನ್ನ ದನಿ ಗಂಟಲಲ್ಲೇ ಉಳಿದುಬಿಡುತ್ತದೆ.

ನಿಮ್ಮ
ವನಿತಾ


ಕೊಳ್ಳೇಗಾಲ
೨೧ ಜನವರಿ

ವನಿತಾ,

ಕಾಗದ ಬಂತು. ನಿನ್ನ ಅಕ್ಷರ ನಮ್ಮಮ್ಮನ ಅಕ್ಷರದ ಹಾಗೆಯೇ ಬಲಕ್ಕೆ ವಾಲಿದೆ.

ಯಾಯೀರನ ಮಗಳ ವಿಷಯ. ಅದರಲ್ಲಿ ಬೆರಗೇನೂ ಇಲ್ಲ. ಜ್ವರ ಬಿಟ್ಟ ಮಗುವಿಗೆ ಮೊದಲು ಬೇಕಾಗುವುದು ಗಂಜಿ. ಮನೆಯವರು ಅಳುವುದರಲ್ಲೋ ನಗುವುದರಲ್ಲೋ ಅದನ್ನು ಮರೆತಿರುತ್ತಾರೆ. ನೆನಪಿಸುವುದಕ್ಕೆ ವಾರ್ಡಿನಲ್ಲಿ ಒಬ್ಬರು ಇರಬೇಕು. ಆ ದಿನ ಆತ ಇದ್ದ.

ನಿನ್ನಪ್ಪನ ಕಣ್ಣು ತೋರಿಸು. ಪೊರೆ ಬರುವ ವಯಸ್ಸೇ. ನಮ್ಮ ತಂದೆಗೂ ಬಂದಿತ್ತು.

ನನ್ನ ಎಡಗಿವಿ ಮಂದ, ನಿಜ. ಬಲಗಿವಿ ಚೆನ್ನಾಗಿಯೇ ಇದೆ.

ಅವನು ಓದದೆ ಎದ್ದದ್ದು ಯಾವ ವಚನಕ್ಕೆ?

ಸುಗುಣತ್ತೆ


ಕುಮಾರಸ್ವಾಮಿ ಲೇಔಟ್
೨೯ ಜನವರಿ

ಪ್ರೀತಿಯ ಅತ್ತೆ,

ನಿಮ್ಮ ಗಂಜಿಯ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. "ನಿಮ್ಮತ್ತೆ ವಾರ್ಡಿನಲ್ಲೂ ಹೀಗೇ, ಮೊದ್ಲು ಗಂಜಿ, ಆಮೇಲೆ ಗದರೋದು" ಎಂದು ನಕ್ಕರು.

ಅಪ್ಪನನ್ನು ಜಯನಗರದ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಪರೀಕ್ಷೆ ಮಾಡುವ ಹುಡುಗಿ, "ಕೊನೇ ಸಾಲು ಕಾಣ್ಸುತ್ತಾ ಸಾರ್?" ಎಂದಳು. ಅಪ್ಪ ಅದನ್ನು ಓದಿ, "ಅದರ ಕೆಳಗೆ ಚಾರ್ಟು ಪ್ರಿಂಟ್ ಮಾಡ್ದೋರ ಹೆಸರಿದೆ, ಅದನ್ನೂ ಓದ್ಲಾ ಮೇಡಂ?" ಎಂದರು. ಅವಳು ನಕ್ಕುಬಿಟ್ಟಳು. ಕಣ್ಣು ಚೆನ್ನಾಗಿದೆ, ಅತ್ತೆ. ಹಾಗಾದರೆ ಮೋಟಾರ್ ಯಾಕೆ?

ವಚನ ಐದನೆಯ ಅಧ್ಯಾಯದ ಇಪ್ಪತ್ತಮೂರನೆಯದು. ಮುಂದಿನದನ್ನೂ ಸೇರಿಸಿ ಓದಿದರೆ ಅರ್ಥವಾಗುತ್ತದೆ. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದವನಿಗೆ, ಒಡಹುಟ್ಟಿದವರ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗಿ ಒಂದಾಗಬೇಕು, ಕಾಣಿಕೆ ಆಮೇಲೆ. ಸುಲಭದ ವಾಕ್ಯ. ನಾಲಿಗೆ ತೊಡರುವ ಹೆಸರು ಒಂದೂ ಇಲ್ಲ.

ನನ್ನ ಈ ವಾರದ ಪ್ರಶ್ನೆ ಬೇರೆ. ಯೇಸು ಹೇಳಿದ, ಮನೆ ಬಿಟ್ಟು ಹೋದ ಕಿರಿಮಗ ತಿರುಗಿ ಬಂದ ಕಥೆಯಲ್ಲಿ, ಒಳಗೆ ಹಾಡು, ಊಟ ನಡೆಯುತ್ತಿರುವಾಗ ಹಿರಿಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಕರೆಯುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಅವನು ಒಳಗೆ ಹೋದನೇ? ಚರ್ಚಿನಲ್ಲಿ ಭಾನುವಾರ ಮಾಡುವ ಪ್ರಸಂಗಗಳಲ್ಲಿ ಯಾರೂ ಇದನ್ನು ಕೇಳಿದ್ದು ನನಗೆ ನೆನಪಿಲ್ಲ.

ನಿಮ್ಮ
ವನಿತಾ


ಕುಮಾರಸ್ವಾಮಿ ಲೇಔಟ್
೩ ಮಾರ್ಚ್, ಸೋಮವಾರ

ಪ್ರೀತಿಯ ಅತ್ತೆ,

ಫೆಬ್ರವರಿ ಪೂರ್ತಿ ನಿಮ್ಮ ಕಾಗದ ಬರಲಿಲ್ಲ. ಬೈಬಲನ್ನು ಪರೀಕ್ಷೆಯ ಪಠ್ಯದ ಹಾಗೆ ಕೆದಕುತ್ತಿದ್ದೇನೆಂದು ಬೇಸರವಾಯಿತೇ? ಹಾಗಿದ್ದರೆ ಕ್ಷಮಿಸಿ. ಅಪನಂಬಿಕೆಯಿಂದ ಕೇಳುತ್ತಿಲ್ಲ. ಹತ್ತಿರ ಹೋಗಬೇಕೆನ್ನಿಸಿದ್ದನ್ನು ನಾನು ನೋಡುವುದೇ ಹೀಗೆ.

ನಿನ್ನೆ ಒಂದು ವಿಷಯ ಕಂಡೆ. ನಿಮಗೇ ಬರೆಯಬೇಕು.

ನಿನ್ನೆ ತಿಂಗಳ ಮೊದಲ ಭಾನುವಾರ, ಎಲ್ಲರೂ ಯೇಸುವಿನ ನೆನಪಿಗೆ ರೊಟ್ಟಿ ತೆಗೆದುಕೊಳ್ಳುವ ಕರ್ತನ ಭೋಜನ. ನಮ್ಮ ಚರ್ಚಿನಲ್ಲಿ ಅದಕ್ಕೆ ರೊಟ್ಟಿ ತರುವ ಕೆಲಸ ಅಪ್ಪನದು. ಶನಿವಾರ ಬೇಕರಿಯಿಂದ ತಂದು, ನಮ್ಮ ಅಡುಗೆಮನೆಯಲ್ಲೇ ಅಂಚು ತೆಗೆದು, ಚಿಕ್ಕ ಚಿಕ್ಕ ಚೌಕವಾಗಿ ಕತ್ತರಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಆಗ ಅವರು ಮಾತಾಡುವುದಿಲ್ಲ. ಉಳಿದ ಅಂಚಿನಲ್ಲಿ ಅಮ್ಮ ಉಪ್ಪಿಟ್ಟು ಮಾಡುತ್ತಾರೆ. ಅದನ್ನೂ ಅಪ್ಪ ತಿನ್ನುವುದಿಲ್ಲ. ಬ್ರೆಡ್ ಅವರಿಗೆ ಸೇರುವುದಿಲ್ಲ ಎಂದುಕೊಂಡಿದ್ದೆ.

ನಿನ್ನೆ ನಾನು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು ಬೆಂಚಿಗೆ ಬಂದ ಮೇಲೆ ಕೆಮ್ಮು ಹತ್ತಿತು. ನೀರಿಗೆಂದು ಹೊರಗೆ ಹೋದೆ. ಗೇಟಿನಲ್ಲಿ ಅಪ್ಪ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ, ಕೊರಳಲ್ಲಿ ಸೀಟಿ ತೂಗುಬಿಟ್ಟುಕೊಂಡು ಕಾರುಗಳನ್ನು ನೋಡಿಕೊಳ್ಳುತ್ತಿದ್ದರು. ಎದುರು ಮನೆಯ ಸತ್ಯಭಾಮಾ ಆಂಟಿ ಕಾಂಪೌಂಡಿನ ಮೇಲೆ ಕಾಫಿ ಲೋಟ ಇಟ್ಟುಕೊಂಡು ನಿಂತಿದ್ದರು.

"ನೋಡಮ್ಮ, ನಿಮ್ಮಪ್ಪ ಇದ್ದ ದಿನ ನನ್ನ ರಂಗೋಲಿ ಉಳಿಯುತ್ತೆ" ಎಂದರು. "ಬೇರೆ ವಾರ ಬರ್ತಾರಲ್ಲ ನಿಮ್ಮ ಹುಡುಗ್ರು, ಮೊಬೈಲ್ ನೋಡ್ತಾ ನಿಂತಿರ್ತಾರೆ. ಹೋದ್ವಾರ ಒಬ್ಬ ನನ್ನ ಗೇಟಿಗೇ ಅಡ್ಡ ಕಾರ್ ನಿಲ್ಲಿಸ್ದ. ಏನಪ್ಪಾ, ಇಲ್ಲೇ ನಿಲ್ಸು ಅಂತ ನಿಮ್ಮ ದೇವ್ರು ಹೇಳಿದ್ನಾ ಅಂದೆ. ಇಲ್ಲ ಆಂಟಿ, ಪಕ್ಕದ್ಮನೆಯವ್ರನ್ನ ಪ್ರೀತಿಸಿ ಅಂತ ಹೇಳಿದಾನೆ, ನೀವೂ ಸ್ವಲ್ಪ ಪ್ರೀತ್ಸಿ ಅಂದ. ತರಲೆ."

ಅಪ್ಪ ನಕ್ಕರು.

"ನೀವು ಎಲ್ಲಾ ವಾರನೂ ಬರಬಾರ್ದಾ ಸಾರ್? ಅದೇನು ತಿಂಗಳ ಮೊದಲ್ನೇ ವಾರ ಮಾತ್ರ?"

"ಅವತ್ತು ಜನ ಜಾಸ್ತಿ ಮೇಡಂ" ಎಂದರು ಅಪ್ಪ. ಅಷ್ಟರಲ್ಲಿ ನನ್ನನ್ನು ನೋಡಿದರು. ನೋಡಿದ ಕೂಡಲೇ ರಸ್ತೆಯ ಕಡೆ ತಿರುಗಿ ಸೀಟಿ ಊದಿದರು. ರಸ್ತೆಯಲ್ಲಿ ಒಂದು ಕಾರೂ ಇರಲಿಲ್ಲ.

ಅತ್ತೆ, ನಾನು ಮೊದಲ ಸಲ ಕರ್ತನ ಭೋಜನಕ್ಕೆ ಹೋದದ್ದು ಪಿಯುಸಿ ಮುಗಿಸಿದ ವರ್ಷ. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ಅಪ್ಪ ನನ್ನ ಪಕ್ಕದಲ್ಲಿ ಮಂಡಿಯೂರಿದ್ದು ನೆನಪಿಲ್ಲ. ಸತ್ಯಮಿತ್ರರ ಸೇವೆ ನೋಡಿ, ಒಳಗಿನ ಜಾಗ ಬಿಟ್ಟು ಬಿಸಿಲಲ್ಲಿ ನಿಲ್ಲುತ್ತಾರೆ ಎಂದು ನಮ್ಮ ಪಾದ್ರಿ ಅಯ್ಯನವರು ಅಪ್ಪನನ್ನು ಹೊಗಳುತ್ತಾರೆ. ನಮ್ಮ ಚರ್ಚಿನವರು ಯಾರೂ ಕೇಳದ ಪ್ರಶ್ನೆಯನ್ನು ಎದುರು ಮನೆಯವರು ಕೇಳಿದರು.

ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿದೆ, ಅಪ್ಪ ರೊಟ್ಟಿ ತಗೊಳ್ಳುವುದೇ ಇಲ್ಲವಾ ಎಂದು.

"ಸುಮ್ನಿರು, ಒಗ್ಗರಣೆ ಸೀಯುತ್ತೆ."

ಒಲೆ ಆರಿಸಿದ ಮೇಲೆ ಮತ್ತೆ ಕೇಳಿದೆ. "ಅದನ್ನ ನನ್ನ ಕೇಳ್ಬೇಡ. ನಿಮ್ಮತ್ತೆಗೆ ಬರೀತೀಯಲ್ಲ, ಅವ್ರನ್ನ ಕೇಳು" ಎಂದರು.

ಅದಕ್ಕೇ ಕೇಳುತ್ತಿದ್ದೇನೆ.

ವನಿತಾ


ಕೊಳ್ಳೇಗಾಲ
೧೮ ಮಾರ್ಚ್

ವನಿತಾ,

ನಿನ್ನ ಮೇಲೆ ಬೇಸರವಿಲ್ಲ. ಜನವರಿಯ ಕಾಗದದಲ್ಲಿ ವಚನದ ಸಂಖ್ಯೆ ನೋಡಿದೆ, ಮಡಚಿ ಇಟ್ಟೆ. ಅಷ್ಟೇ.

ಆ ವಚನವನ್ನು ಅವನಿಗೆ ಬಾಯಿಪಾಠ ಮಾಡಿಸಿದವಳು ನಾನೇ. ಅವನಿಗೆ ಎಂಟು, ನನಗೆ ಹದಿನಾಲ್ಕು. ಸಂಡೇ ಸ್ಕೂಲಿನ ಸ್ಪರ್ಧೆ ಇತ್ತು. ಪ್ರತಿ ಸಲವೂ 'ಮೊದಲು ಹೋಗು' ಎನ್ನುವ ಕಡೆಗೇ ನಿಂತುಬಿಡುತ್ತಿದ್ದ. ಕಿವಿ ಹಿಂಡಿ ಹೇಳಿಸಿದೆ. ಬಹುಮಾನಕ್ಕೆ ಒಂದು ಸ್ಟೀಲ್ ಲೋಟ ಬಂತು. ಅಮ್ಮ ಕೊನೆಯವರೆಗೂ ಅದರಲ್ಲೇ ನೀರು ಕುಡಿದಳು.

ನೀನು ದೊಡ್ಡವಳಾಗಿದ್ದೀಯ, ಹೇಳುತ್ತೇನೆ. ಅಮ್ಮ ತೀರಿಕೊಂಡ ದಿನ ನಾನು ಡ್ಯೂಟಿಯಿಂದಲೇ ಬೆಂಗಳೂರಿಗೆ ಹೊರಟೆ. ಸಾತನೂರಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಬರುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪೆಟ್ಟಿಗೆ ಮುಚ್ಚಿಸಿದ. ನಾನು ಸ್ಮಶಾನಕ್ಕೆ ಬಂದಾಗ ಕಂಡದ್ದು ಹಸಿ ಮಣ್ಣು, ಅದರ ಮೇಲೆ ಸೇವಂತಿಗೆ. ಎಷ್ಟೋ ಮನೆಗಳ ತಾಯಂದಿರ ಕಣ್ಣು ಮುಚ್ಚಿದ ಕೈ ನನ್ನದು. ನನ್ನ ತಾಯಿಯ ಮುಖ ಮಾತ್ರ ನನಗೆ ನೋಡಲು ಸಿಗಲಿಲ್ಲ.

ಸ್ವಲ್ಪ ಹೊತ್ತು ಕಾಯಬಹುದಿತ್ತು. ಕಾಯಲಿಲ್ಲ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಇದಕ್ಕೆ ಕಿವಿ ಕೇಳಿಸುವುದಿಲ್ಲ ಎಂದು ಹೆಸರಿಟ್ಟಿದ್ದಾರೆ.

ಅವನು ಗೇಟಿನಲ್ಲಿ ನಿಲ್ಲುವುದು ನನಗೆ ಗೊತ್ತಿರಲಿಲ್ಲ. ನಿಲ್ಲಲಿ. ನೀನು ಇದರ ನಡುವೆ ಬರಬೇಡ.

ಸುಗುಣತ್ತೆ


ಕುಮಾರಸ್ವಾಮಿ ಲೇಔಟ್
೨೭ ಮಾರ್ಚ್

ಪ್ರೀತಿಯ ಅತ್ತೆ,

ನಡುವೆ ಬರಬೇಡ ಎಂದಿದ್ದೀರಿ. ಆ ದಿನ ನಾನು ನಡುವೆಯೇ ನಿಂತಿದ್ದೆ. ಆಗ ಹೈಸ್ಕೂಲಿನಲ್ಲಿದ್ದೆ, ಹಾಡಿನ ಪುಸ್ತಕಗಳನ್ನು ಹಂಚುವ ಕೆಲಸ ನನಗೆ ಕೊಟ್ಟಿದ್ದರು.

ಸ್ಮಶಾನದ ಕಾವಲಿನವರು ಆರು ಗಂಟೆಗೆ ಗೇಟು ಹಾಕಬೇಕು ಎಂದು ಮೊದಲೇ ಹೇಳಿದ್ದರು. ಪೆಟ್ಟಿಗೆಯ ಮುಚ್ಚಳವನ್ನು ಪಕ್ಕಕ್ಕೆ ಒರಗಿಸಿ ಇಟ್ಟಿದ್ದರು. ಅಪ್ಪ ಅದನ್ನು ಮುಟ್ಟಲು ಯಾರಿಗೂ ಬಿಡಲಿಲ್ಲ. ಹಿರಿಯರು ಬಂದು "ಸತ್ಯಣ್ಣ, ಕತ್ತಲಾಗುತ್ತೆ" ಎಂದರೆ, "ಅಕ್ಕ ಬರ್ತಾಳೆ. ಇನ್ನೊಂದು ಹಾಡು ಹಾಡಿ" ಎನ್ನುತ್ತಿದ್ದರು. ನಮಗೆ ಬರುತ್ತಿದ್ದ ಹಾಡುಗಳೆಲ್ಲ ಮುಗಿದವು. ಮತ್ತೆ ಮೊದಲನೆಯದರಿಂದ ಶುರು ಮಾಡಿದೆವು. ಅಪ್ಪ ಹಾಡಲಿಲ್ಲ. ರಸ್ತೆಗೆ ಹೋಗಿ ನಿಲ್ಲುತ್ತಿದ್ದರು. ಬಂದ ಬಸ್ಸಿಗೆಲ್ಲ ಕೈ ಅಡ್ಡ ಹಿಡಿದು ಒಳಗೆ ಇಣುಕುತ್ತಿದ್ದರು. ಅದು ಕೊಳ್ಳೇಗಾಲದ ಬಸ್ಸುಗಳು ಬರುವ ರಸ್ತೆಯೇ ಅಲ್ಲ, ಸಿಟಿ ಬಸ್ಸುಗಳದು. ಅದು ಅವರಿಗೂ ಗೊತ್ತಿತ್ತು. ನಿಮ್ಮ ಫೋನು ಹತ್ತುತ್ತಿರಲಿಲ್ಲ.

ಬೀದಿದೀಪ ಹತ್ತಿಕೊಂಡಿತು. ಕಾವಲಿನವರು ಆಗಲೇ ಎರಡು ಸಲ ಬೀಗ ತಂದು ವಾಪಸ್ ತೆಗೆದುಕೊಂಡು ಹೋಗಿದ್ದರು. ಕೊನೆಗೆ ಅಯ್ಯನವರು ಅಪ್ಪನ ಭುಜದ ಮೇಲೆ ಕೈ ಇಟ್ಟರು. ಅಪ್ಪ ಬಗ್ಗಿ, ಅಜ್ಜಿಯ ಹಣೆಯ ಕೂದಲನ್ನು ಅಂಗೈಯಿಂದ ಹಿಂದಕ್ಕೆ ಸವರಿ, "ಅಕ್ಕ ಇದ್ದಿದ್ರೆ ಹೀಗ್ ಮಾಡ್ತಿದ್ಲು" ಎಂದರು. ಆಮೇಲೆ "ಮುಚ್ಚಿ" ಎಂದರು.

ಇದನ್ನು ಅವರು ನಿಮಗೆ ಯಾಕೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ. ಕಾದದ್ದನ್ನು ಹೇಳಿದರೆ ಮುಚ್ಚಿದ್ದಕ್ಕೆ ನೆಪ ಹೇಳಿದಂತಾಗುತ್ತದೆ ಎಂದುಕೊಂಡಿರಬಹುದು. ಇದು ನನ್ನ ಊಹೆ, ತಪ್ಪಿದ್ದರೂ ಇರಬಹುದು. ಅಪ್ಪನ ಪರವಾಗಿ ಬರೆಯುತ್ತಿಲ್ಲ. ನೀವು ಕಂಡದ್ದು ಮಣ್ಣು ಮತ್ತು ಹೂವು. ಅದಕ್ಕೆ ಮೊದಲಿನದನ್ನು ನಾನು ಕಂಡಿದ್ದೆ, ಅಷ್ಟನ್ನೇ ಬರೆದೆ.

ಈಸ್ಟರ್ ಹತ್ತಿರ ಬಂತು. ರೊಟ್ಟಿಯನ್ನು ಅಪ್ಪ ಕತ್ತರಿಸುತ್ತಾರೆ. ಆಮೇಲೆ ಗೇಟಿನಲ್ಲಿ ನಿಲ್ಲುತ್ತಾರೆ. ಹೀಗೇ ಮುದುಕರಾಗಿಬಿಡುತ್ತಾರೇನೋ ಎಂದು ನನಗೆ ಹೆದರಿಕೆಯಾಗುತ್ತದೆ.

ನಿಮ್ಮ
ವನಿತಾ


ಕೊಳ್ಳೇಗಾಲ
೨೨ ಏಪ್ರಿಲ್, ಮಂಗಳವಾರ

ವನಿತಾ,

ಈಸ್ಟರಿಗೆ ಮೊದಲು ಉಳಿದಿದ್ದ ಶ್ರಮದಿನಗಳೆಲ್ಲ ನಿನ್ನ ಕಾಗದ ನನ್ನ ಬೈಬಲಿನ ಒಳಗೇ ಇತ್ತು. ದಿನಾ ಬೆಳಿಗ್ಗೆ ತೆರೆದರೆ ಮೊದಲು ಅದೇ ಕೈಗೆ ಬರುತ್ತಿತ್ತು. ಸರಿಸಿ, ಅದರ ಕೆಳಗಿನದನ್ನು ಓದಿಕೊಳ್ಳುತ್ತಿದ್ದೆ.

ಈಸ್ಟರಿಗೆ ನಸುಕಿನ ಆರಾಧನೆಗೆ ಹೋಗಿದ್ದೆ. ಎಲ್ಲರೂ ಸಾಲಾಗಿ ಮುಂದೆ ಹೋದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಯಾವಾಗಲೂ ಕೂರುವ ಜಾಗ. ಇಲ್ಲಿಯವರಿಗೆ ಮಂಡಿನೋವು ಎಂದು ಹೇಳಿದ್ದೇನೆ. ಇಲ್ಲಿಯ ಅಯ್ಯನವರು ಚಿಕ್ಕ ವಯಸ್ಸಿನವರು, ಒಳ್ಳೆಯವರು. "ಅಮ್ಮಾ, ರೊಟ್ಟಿನ ಬೆಂಚಿನ ಹತ್ರಾನೇ ತರ್ತೀನಿ" ಎಂದರು. ಬೇಡವೆಂದೆ. ನನ್ನ ಮಂಡಿ ಚೆನ್ನಾಗಿದೆ.

ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ನಾನೂ ರೊಟ್ಟಿ ತೆಗೆದುಕೊಂಡಿಲ್ಲ. ಒಡಹುಟ್ಟಿದವನ ಜೊತೆ ಒಂದಾಗದೆ ಅದಕ್ಕೆ ಕೈ ಒಡ್ಡುವುದು ಹೇಗೆ? ಅವನಿಗೆ ಕಲಿಸಿದವಳಿಗೆ ಆ ವಚನ ಮರೆತುಹೋಗುತ್ತದೆಯೇ?

ನಿನ್ನ ಕಾಗದ ಓದಿದ ಮೇಲೆ ಒಂದು ತಿಳಿಯಿತು. ಅದರಲ್ಲಿ ಎರಡು ಮಾತಿದೆ, ಬಿಡು ಮತ್ತು ಹೋಗು. ಇಷ್ಟು ವರ್ಷ ಇಬ್ಬರೂ ಬಿಡುವುದನ್ನು ಮಾತ್ರ ಚಾಚೂ ತಪ್ಪದೆ ಮಾಡಿದ್ದೇವೆ. ಎಂಟು ವರ್ಷದವನು ಎಲ್ಲಿ ತಡವರಿಸುತ್ತಿದ್ದನೋ ಇಬ್ಬರೂ ಅಲ್ಲೇ ನಿಂತಿದ್ದೇವೆ. ಈಗ ಕಿವಿ ಹಿಂಡುವವರು ಯಾರೂ ಇಲ್ಲ.

ಹಿರಿಮಗ ಒಳಗೆ ಹೋದನೇ ಎಂದು ನೀನು ಕೇಳಿದ್ದೆ. ನನಗೂ ಗೊತ್ತಿಲ್ಲ. ಹೊರಗೆ ಒಬ್ಬರು ಬಂದು ಕರೆದರು ಎನ್ನುವುದು ಮಾತ್ರ ಗೊತ್ತು.

ಮೇ ನಾಲ್ಕು ಮೊದಲ ಭಾನುವಾರ. ಮೊದಲ ಬಸ್ಸಿಗೆ ಹತ್ತುತ್ತೇನೆ. ಶನಿವಾರವೇ ಬಂದು ನಿಮ್ಮ ಮನೆಯಲ್ಲಿ ಉಳಿಯುವಷ್ಟು ಮೆತ್ತಗಾಗಿಲ್ಲ. ಆರಾಧನೆ ಎಷ್ಟು ಗಂಟೆಗೆ, ಎಲ್ಲಿ ಇಳಿಯಬೇಕು, ಬರೆ. ಅವನಿಗೆ ಮೊದಲೇ ಹೇಳಬೇಡ. ಹೇಳಿದರೆ ಎದ್ದು ಹೋಗಲು ಇನ್ನೊಂದು ಮೋಟಾರ್ ಹುಡುಕುತ್ತಾನೆ.

ಅವನು ನನ್ನನ್ನು ನೋಡಿ ಏನನ್ನುತ್ತಾನೋ ಎಂದು ಹೆದರಿಕೆ. ಈ ವಯಸ್ಸಿನಲ್ಲಿ.

ಸುಗುಣತ್ತೆ


ಕುಮಾರಸ್ವಾಮಿ ಲೇಔಟ್
೨೬ ಏಪ್ರಿಲ್, ಶನಿವಾರ

ಪ್ರೀತಿಯ ಅತ್ತೆ,

ಆರಾಧನೆ ಒಂಬತ್ತೂವರೆಗೆ. ಬನಶಂಕರಿ ಬಸ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಆಟೋದಲ್ಲಿ ಬಂದರೆ ಚರ್ಚು ಹತ್ತಿರ.

ನಿಮ್ಮ ಕಾಗದ ನಿನ್ನೆ ಬಂತು. ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಸಂಜೆ ಚರ್ಚಿಗೆ ಹೋಗಿ ನಮ್ಮ ಕಾರ್ಯದರ್ಶಿ ಮಹೇಶ್ ಅಂಕಲ್‌ನ ಕಂಡೆ. ಹೇಳಬೇಕಾದ ವಾಕ್ಯವನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ.

"ಅಂಕಲ್, ಮೊದಲ್ನೇ ಭಾನುವಾರ ಪಾರ್ಕಿಂಗ್ ನಾನು ನೋಡ್ಕೋತೀನಿ."

"ನೀನಾ?" ಎಂದರು. "ವಾಕ್ಯ ಓದೋಕೆ ನಿಲ್ಲಿಸಿದ್ರೆ ನಿನ್ನ ದನಿ ಮೈಕ್‌ಗೇ ಕೇಳ್ಸಲ್ಲ. ರೋಡಲ್ಲಿ ಯಾರು ಕೇಳ್ತಾರಮ್ಮ?"

"ಸೀಟಿ ಇರುತ್ತಲ್ಲ ಅಂಕಲ್."

"ಸತ್ಯಮಿತ್ರಣ್ಣ ಒಪ್ಪಲ್ಲ, ಅದು ಅವರ ಡ್ಯೂಟಿ" ಎಂದರು. ಅಪ್ಪನಿಗೆ ಆ ದಿನ ಬೇರೆ ಕೆಲಸ ಇದೆ ಎಂದೆ. ಹಾಗಾದರೆ ಸರಿ ಎಂದು ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು.

ಅಮ್ಮನಿಗೆ ಮಾತ್ರ ಹೇಳಿದೆ. ಇವತ್ತು ಬೆಳಿಗ್ಗೆ ನೋಡಿದರೆ ಕಿತ್ತಳೆ ಜಾಕೆಟ್ ಒಗೆದು ಹಗ್ಗದ ಮೇಲೆ ಒಣಹಾಕಿತ್ತು. ಎರಡೂ ಪಕ್ಕ ನನ್ನ ಅಳತೆಗೆ ಹಿಡಿದು ಹೊಲಿದಿದ್ದರು. ಅಪ್ಪ ಅದನ್ನು ನೋಡಿದರು. "ಯಾಕೆ, ನಾನು ಸಣ್ಣ ಆಗಿದೀನಾ?" ಎಂದರು. "ಆಗ್ತೀರ" ಎಂದರು ಅಮ್ಮ.

ನೀವು ಹೇಳಿದ ಹಾಗೆ ಅವರಿಗೆ ಮೊದಲೇ ಹೇಳುವುದಿಲ್ಲ. ಶನಿವಾರ ಎಂದಿನಂತೆ ರೊಟ್ಟಿ ಕತ್ತರಿಸಿ ಬಟ್ಟೆಯಲ್ಲಿ ಕಟ್ಟಲಿ. ಭಾನುವಾರ ನಿಮ್ಮ ಬಸ್ಸು ಬರುವ ಹೊತ್ತಿಗೆ ಗೇಟಿನ ಹತ್ತಿರ ಅವರ ಕೈಯಿಂದ ಸೀಟಿ ತೆಗೆದುಕೊಂಡು, ಅತ್ತೆ ಬನಶಂಕರಿಯಲ್ಲಿ ಇಳಿಯುತ್ತಾರೆ, ಹೋಗಿ ಕರೆದುಕೊಂಡು ಬನ್ನಿ ಎನ್ನುತ್ತೇನೆ. ನನ್ನ ದನಿ ಅಷ್ಟಕ್ಕೆ ಸಾಕಾಗುತ್ತದೆ. ಚರ್ಚಿನ ಒಳಗೆ ಎದುರಾಗುವುದಕ್ಕಿಂತ ಬಸ್ಸಿನ ಬಾಗಿಲಲ್ಲಿ ಸಿಗುವುದು ನಿಮ್ಮಿಬ್ಬರಿಗೂ ಸುಲಭ ಎಂದು ನನ್ನ ಎಣಿಕೆ. ನೀವು ಅರ್ಧಕ್ಕಿಂತ ಹೆಚ್ಚು ದಾರಿ ಬಂದಿರುತ್ತೀರಿ, ಅವರು ಉಳಿದ ಸ್ವಲ್ಪ ದೂರ ಹೋಗಲಿ.

ಆ ಭಾನುವಾರ ನನಗೆ ರೊಟ್ಟಿ ಇಲ್ಲ. ನನ್ನ ಸರದಿ ಜೂನ್ ಒಂದಕ್ಕೆ ಬರುತ್ತದೆ. ಪರವಾಗಿಲ್ಲ. ಹೊರಗಿನಿಂದ ಒಳಗಿನ ಹಾಡು ಹೇಗೆ ಕೇಳಿಸುತ್ತದೆ ಎಂದು ನನಗೂ ಗೊತ್ತಾಗಬೇಕು.

ಬಸ್ಸು ತಡವಾದರೆ ಗಾಬರಿಯಾಗಬೇಡಿ. ಅಪ್ಪ ಬಂದ ಬಸ್ಸನ್ನೆಲ್ಲ ನೋಡುತ್ತಾರೆ, ಅದು ನನಗೆ ಗೊತ್ತು. ಗೇಟಿನ ಕೀಲಿಯನ್ನೂ ಅಂಕಲ್‌ನಿಂದ ಕೇಳಿ ಪಡೆದಿದ್ದೇನೆ. ನೀವಿಬ್ಬರೂ ಒಳಗೆ ಹೋಗುವವರೆಗೆ ಗೇಟನ್ನು ಯಾರೂ ಹಾಕುವುದಿಲ್ಲ.

ನಿಮ್ಮ
ವನಿತಾ